ಮಿಂಗಸ್ ಆದ್ಮೇಲೆ ಏನ್ ಕೇಳೋದು? ನಿಮ್ಮ ಇಷ್ಟದ ಜಾಝ್ ಆಲ್ಬಂ, ಈಗ ಕೇಳ್ತಿರೋದು ಎಲ್ಲಾ ಇಲ್ಲಿ ಹಾಕಿ

ರಾತ್ರಿಪಾಳಿ:

ನಮಸ್ಕಾರ ಎಲ್ರಿಗೂ. ಜಾಝ್ ವಿಷ್ಯದಲ್ಲಿ ನಾನು ಹೊಸಬ, ಎಲ್ರ ಥರಾನೇ 1959ರಿಂದ ಶುರು ಮಾಡ್ದೋನು, ಅಂದ್ರೆ ಮೈಲ್ಸ್ ಡೇವಿಸ್‌ದು ‘ಕೈಂಡ್ ಆಫ್ ಬ್ಲೂ’, ಡೇವ್ ಬ್ರೂಬೆಕ್‌ದು ‘ಟೈಮ್ ಔಟ್’, ಎರಡೂ ಅದೇ ವರ್ಷದ್ದು, ಯಾರನ್ನ ಕೇಳಿದ್ರೂ ಮೊದಲು ಅವೆರಡನ್ನೇ ಕೈಗೆ ಕೊಡ್ತಾರೆ. ನನ್ನದು ರಾತ್ರಿ ಶಿಫ್ಟು, ಟಿಕೆಟ್ (ಅಂದ್ರೆ ಕಂಪ್ಲೇಂಟು) ಏನೂ ಬರದೆ ಇರೋ ಹೊತ್ತಲ್ಲಿ ಹೆಡ್‌ಫೋನ್ ಹಾಕ್ಕೊಂಡ್ರೆ ಒಂದೆರಡು ಆಲ್ಬಂ ಆರಾಮಾಗಿ ಮುಗಿಯುತ್ತೆ. ಆಮೇಲೆ ಜಾನ್ ಕೋಲ್ಟ್ರೇನ್ ‘ಅ ಲವ್ ಸುಪ್ರೀಂ’ಗೆ ಬಂದೆ, ಮೊದಮೊದಲು ಮರ್ಯಾದೆಗೆ ಕೇಳ್ದೆ ಅಷ್ಟೇ, ಒಳಗೆ ಇಳೀಲಿಲ್ಲ, ಈಗ ಸ್ವಲ್ಪ ಸ್ವಲ್ಪ ಇಳೀತಿದೆ.

ನಿಜವಾದ ಪ್ರಾಬ್ಲಂ ಶುರುವಾಗಿದ್ದು ಬಾಸ್ ನುಡಿಸೋ ಚಾರ್ಲ್ಸ್ ಮಿಂಗಸ್‌ದು ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ ಕೇಳಿದ್ಮೇಲೆ. 1963ರದ್ದು, ಹನ್ನೊಂದು ಜನರ ಬ್ಯಾಂಡು. ಟ್ರಂಬೋನ್ ಗೊಣಗುತ್ತೆ, ಬೈಯುತ್ತೆ, ಮಧ್ಯದಲ್ಲಿ ಯಾರೋ ಒಬ್ರು ಆಲ್ಟೋ ಸ್ಯಾಕ್ಸೋಫೋನಲ್ಲಿ ಬಿಕ್ಕಿಬಿಕ್ಕಿ ಅಳ್ತಾರೆ, ಸ್ಪೀಡು ಏರ್ತಾ ಏರ್ತಾ ಹೋಗಿ ಎಲ್ಲಾ ಮಗುಚಿ ಬೀಳುತ್ತೆ ಅನ್ನೋ ಹೊತ್ತಿಗೆ ಧಡಕ್ ಅಂತ ಮತ್ತೆ ನಿಧಾನಕ್ಕೆ ಬಂದು ನಿಲ್ಲುತ್ತೆ. ಇದಕ್ಕೆ ಲೈನರ್ ನೋಟ್ಸ್ (ಆಲ್ಬಂ ಕವರಲ್ಲಿ ಅಚ್ಚಾಗೋ ಬರಹ) ಬರೆಯೋಕೆ ಮಿಂಗಸ್ ಕರೆದಿದ್ದು ತನ್ನ ಸೈಕಾಲಜಿಸ್ಟನ್ನೇ ಅಂತೆ. ಕೇಳಿದ್ರೆ ಯಾಕೆ ಅಂತ ಅರ್ಥ ಆಗುತ್ತೆ.

ಇದಾದ್ಮೇಲೆ ಏನೇ ಹಾಕಿದ್ರೂ ಸಪ್ಪೆ. ನೆಟ್ಟಲ್ಲಿ ಟಾಪ್ 50, ಟಾಪ್ 100 ಲಿಸ್ಟ್ ನೋಡಿದ್ರೆ ಎಲ್ಲಾ ಕಡೆ ಅದೇ ಹತ್ತು ಹೆಸರು ಮೇಲೆ ಕೆಳಗೆ ಆಗಿರುತ್ತೆ. ಅದಕ್ಕೆ ನಿಮ್ಮನ್ನ ಕೇಳ್ತಿದೀನಿ, ನಿಮ್ಮ ಇಷ್ಟದ ಆಲ್ಬಂ ಯಾವುದು, ಯಾಕೆ, ಈಗ ಏನ್ ಕೇಳ್ತಿದೀರ. ಬರೀ ಹೆಸರು ಹಾಕಿ ಹೋಗ್ಬೇಡಿ ಪ್ಲೀಸ್, ಎರಡು ಸಾಲಾದ್ರೂ ಬರೀರಿ. ನನ್ನ ಫ್ರೆಂಡ್ಸಲ್ಲಿ ಜಾಝ್ ಅಂದ್ರೆ ಲಿಫ್ಟಲ್ಲಿ ಬರೋ ಮ್ಯೂಸಿಕ್ ಅಂದ್ಕೊಂಡಿರೋರೇ ಎಲ್ಲಾ.


ತಾಳತಪ್ಪಿದವ:

ಗುರು, ‘ಟೈಮ್ ಔಟ್’ನ ಅಷ್ಟು ಬೇಗ ಮುಗೀತು ಅಂತ ಬಿಟ್ಬಿಡ್ಬೇಡ. ನಾನು ಮೃದಂಗ ಕಲಿಯೋಕೆ ಹೋಗಿ ಅರ್ಧಕ್ಕೆ ಬಿಟ್ಟೋನು, ಆ ಅರ್ಧ ಕಿವಿಯಲ್ಲೇ ಎಲ್ಲಾ ಕೇಳೋದು. ‘ಟೇಕ್ ಫೈವ್’ ಐದೆಣಿಕೆ ಅಂತ ಎಲ್ರಿಗೂ ಗೊತ್ತು, ಸರಿ ಖಂಡ ಚಾಪು ಹಾಕೋಣ ಅಂತ ಕೈ ಎತ್ತಿದ್ರೆ ಕೂರೋದಿಲ್ಲ, ಯಾಕಂದ್ರೆ ನಮ್ದು 2+3, ಅಲ್ಲಿ ಪಿಯಾನೋ ಹಿಡಿದಿರೋದು 3+2. ಒಂದ್ಸಲ ಅದು ಕೈಗೆ ಸಿಕ್ತು ಅಂದ್ರೆ ಆಮೇಲೆ ಜೋ ಮೊರೆಲ್ಲೋ ಡ್ರಮ್ ಸೋಲೋ ಕೇಳು, ಪಿಯಾನೋ ಒಂದೇ ಕಡೆ ಕೂತು ಅದೇ ಐದನ್ನ ತಿರುವ್ತಾ ಇರುತ್ತೆ, ಈಯಪ್ಪ ಅದರ ಮೇಲೆ ಎಲ್ಲೆಲ್ಲಿ ಜಾಗ ಬಿಡ್ತಾನೆ ನೋಡು, ಬಾರಿಸೋದಕ್ಕಿಂತ ಬಿಡೋದೇ ಚೆಂದ. ‘ಬ್ಲೂ ರಾಂಡೋ ಅ ಲಾ ಟರ್ಕ್’ ಇನ್ನೂ ಮಜಾ, ಒಂಬತ್ತನ್ನ 2+2+2+3 ಅಂತ ಮೂರು ಸಲ ಹೇಳಿ ನಾಲ್ಕನೇ ಸಲ 3+3+3. ಅದನ್ನ ಬ್ರೂಬೆಕ್ ಹಿಡಿದಿದ್ದು ಇಸ್ತಾಂಬುಲ್ ಬೀದಿಯಲ್ಲಿ ನುಡಿಸ್ತಿದ್ದೋರಿಂದ, 1958ರಲ್ಲಿ ಅಮೆರಿಕಾ ಸರ್ಕಾರ ಕಳಿಸಿದ್ದ ಟೂರಲ್ಲಿ. ಅದೇ ಟೂರಲ್ಲಿ ಇಂಡಿಯಾಕ್ಕೂ ಬಂದಿದ್ರು, ಆಮೇಲೆ ಬಂದ ‘ಜಾಝ್ ಇಂಪ್ರೆಷನ್ಸ್ ಆಫ್ ಯುರೇಷಿಯಾ’ ಆಲ್ಬಂನಲ್ಲಿ ‘ಕಲ್ಕತ್ತಾ ಬ್ಲೂಸ್’ ಅಂತ ಒಂದಿದೆ ಕೇಳು.

ಇನ್ನೊಂದು, ‘ಟೇಕ್ ಫೈವ್’ ಬರ್ದಿದ್ದು ಬ್ರೂಬೆಕ್ ಅಲ್ಲ, ಸ್ಯಾಕ್ಸ್ ನುಡಿಸೋ ಪಾಲ್ ಡೆಸ್ಮಂಡ್. ಸಾಯೋವಾಗ ಅದರ ರಾಯಲ್ಟಿನ ರೆಡ್ ಕ್ರಾಸ್‌ಗೆ ಬರ್ದಿಟ್ಟು ಹೋದ. ಎಷ್ಟು ಕಾಫಿ ಶಾಪಲ್ಲಿ ಆ ಹಾಡು ಬಂದಿದೆಯೋ ಅಷ್ಟು ಪುಣ್ಯ.

ನಿನ್ನ ಪ್ರಶ್ನೆಗೆ ಉತ್ತರ: ಪಿಯಾನೋ ನುಡಿಸೋ ಥೆಲೋನಿಯಸ್ ಮಂಕ್, ‘ಬ್ರಿಲಿಯಂಟ್ ಕಾರ್ನರ್ಸ್’, 1957. ಟೈಟಲ್ ಹಾಡು ಎಷ್ಟು ಕಷ್ಟ ಅಂದ್ರೆ ಸ್ಟುಡಿಯೋದಲ್ಲಿ ಪೂರ್ತಿ ಒಂದು ಟೇಕೂ ಸರಿಯಾಗಿ ಬರ್ಲಿಲ್ಲ, ಪ್ರೊಡ್ಯೂಸರ್ ಓರಿನ್ ಕೀಪ್‌ನ್ಯೂಸ್ ಚೂರು ಚೂರು ಟೇಪ್ ಕತ್ತರಿಸಿ ಅಂಟಿಸಿ ಒಂದು ಮಾಡಿದ್ದು. ಟೆನರ್ ಸ್ಯಾಕ್ಸಲ್ಲಿ ಇರೋದು ಸಾನಿ ರಾಲಿನ್ಸ್, ಡ್ರಮ್ಮಲ್ಲಿ ಮ್ಯಾಕ್ಸ್ ರೋಚ್, ಅವರಿಗೇ ಹಂಗಾಯ್ತು ಅಂದ್ರೆ ಲೆಕ್ಕ ಹಾಕು. ಮಿಂಗಸ್ ಇಷ್ಟ ಆದೋರಿಗೆ ಮಂಕ್ ಖಂಡಿತ ಹತ್ತುತ್ತೆ, ಇಬ್ರದ್ದೂ ಸೊಟ್ಟ ದಾರಿನೇ.


ಸಪ್ತಾಪುರ_ಕಿವಿ:

ನಮಸ್ಕಾರ್ರಿ. ನಾವು ಧಾರವಾಡದ ಮಂದಿ, ಕಿವಿ ಬೆಳದದ್ದ ಹಿಂದೂಸ್ತಾನಿ ಒಳಗ. ಜಾಝ್ ಅಂದ್ರ ಮದಲ ಮದಲ ಗದ್ದಲ ಅನಸ್ತಿತ್ತು. ‘ಕೈಂಡ್ ಆಫ್ ಬ್ಲೂ’ದ ಮದಲನೇ ಹಾಡು ‘ಸೋ ವಾಟ್’ ಕೇಳಿದ ಮ್ಯಾಲೆ ಅಲ್ಲೇ ಕುಂತೆ, ಯಾಕಂದ್ರ ಅದರಾಗ ಸ್ವರ ಪೂರಾ ಕಾಫಿ ಥಾಟಿನವು, ಕರ್ನಾಟಕಿ ಮಂದಿ ಖರಹರಪ್ರಿಯ ಅಂತೀರಲ್ಲ ಅವು. ಹದಿನಾರು ಬಾರ್ (ನಮ್ಮ ಆವರ್ತನ ಇದ್ದಂಗ) ಅಲ್ಲೇ ಕುಂತು, ಮುಂದ ಎಂಟು ಬಾರ್ ಇಡೀ ಸಪ್ತಕಾನ ಅರ್ಧ ಸ್ವರ ಮ್ಯಾಲೆ ಎತ್ತಿ, ಮತ್ತ ಎಂಟು ಬಾರ್ ಕೆಳಗ ಬರ್ತಾರ. ಇಷ್ಟ ಕಾಯ್ದಿ ಇಟ್ಕೊಂಡು ಒಂಬತ್ತು ನಿಮಿಷ ನುಡಿಸ್ಯಾರ. ರಾಗ ಅಂತ ನಾ ಅನ್ನೂದಿಲ್ಲ ಮತ್ತ, ಯಾರರೆ ಜಗಳಕ್ಕ ಬರಬ್ಯಾಡ್ರಿ, ಷಡ್ಜಾನ ಎದ್ದು ನಡದ್ರ ಅದು ಎಲ್ಲಿ ರಾಗ. ಆದ್ರ ಒಬ್ಬೊಬ್ಬರ ಬಡತ (ಸ್ವರ ಬೆಳಸೂ ರೀತಿ) ನೋಡ್ರಿ. ಮೈಲ್ಸ್ ನಾಕ ಸ್ವರ ಹಚ್ಚಿ ಸುಮ್ನ ಆಗ್ತಾನ. ಕೋಲ್ಟ್ರೇನಗ ಸುಮ್ನ ಆಗೂದ ಗೊತ್ತಿಲ್ಲ. ಕ್ಯಾನನ್‌ಬಾಲ್ ಆಡರ್ಲಿ ಬಂದಾನ ಅಂದ್ರ ಊರಿನ ಮಂದಿಗೆಲ್ಲ ಊಟಕ್ಕ ಕರದಂಗ ನುಡಸ್ತಾನ.

ಒಂದು ಸೂಕ್ಷ್ಮ ಹೇಳ್ತೇನಿ. ಆ ಆಲ್ಬಂದ ಮದಲನೇ ಸೈಡಿನ ಮೂರೂ ಹಾಡು ಹಳೇ ಎಲ್ಪಿ ಒಳಗ ಖರೇ ಶ್ರುತಿಗಿಂತ ಒಂದ ಎಳಿ ಮ್ಯಾಲೆ ಅದಾವ. 1959ರ ಮಾರ್ಚ್ 2ಕ್ಕ ರೆಕಾರ್ಡ್ ಮಾಡೂ ಮುಂದ ಟೇಪಿನ ಮಶೀನು ಸಾವಕಾಶ ಓಡಿತ್ತು, ಬರೋಬ್ಬರಿ ಓಡೂ ಮಶೀನಿನಾಗ ಹಾಕಿ ಕೇಳಿದಾಗ ಶ್ರುತಿ ಏರಿತು. 1992ರ ಸಿಡಿ ಒಳಗ ಅದನ್ನ ಸರಿ ಮಾಡ್ಯಾರ. ತಂಬೂರಿ ಆ್ಯಪ್ ಹಚ್ಚಿ ಕೇಳೂ ಚಟ ಇದ್ದವರಿಗೆ ತಟ್ನ ಗೊತ್ತಾಗ್ತದ.

‘ಅ ಲವ್ ಸುಪ್ರೀಂ’ ಬಗ್ಗೆ: ಕಡೀಕಿನ ಭಾಗ ‘ಸಾಮ್’ ಅಂತ ಐತಲ್ಲ, ಅಲ್ಲಿ ಕೋಲ್ಟ್ರೇನ್ ಸುಮ್ನ ನುಡಸಾಕತ್ತಿಲ್ಲ, ಆಲ್ಬಂ ಒಳಗ ಛಾಪಿಸಿದ ತನ್ನ ಪ್ರಾರ್ಥನಾ ಪದ್ಯಾನ ಅಕ್ಷರ ಅಕ್ಷರ ಸ್ಯಾಕ್ಸಿನಾಗ ಓದಾಕತ್ಯಾನ. ಪದ್ಯ ಮುಂದ ಇಟ್ಕೊಂಡು ಕೇಳ್ರಿ, ಸಾಲ ಮುಗಿದಲ್ಲಿ ಉಸರು ಮುಗೀತದ. ನಮ್ಮ ಮಲ್ಲಿಕಾರ್ಜುನ ಮನ್ಸೂರ ಅವರು ವಚನ ಹಾಡೂ ಮುಂದ ಶಬ್ದಕ್ಕ ಎಷ್ಟು ಮರ್ಯಾದಿ ಕೊಡ್ತಿದ್ರು, ಅದ ಇಲ್ಲಿ ಶಬ್ದ ಇಲ್ದನ ಐತಿ.

ಈಗ ಕೇಳೂದು ಪಿಯಾನೋ ನುಡಸೂ ಬಿಲ್ ಎವನ್ಸ್, ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’. ಬಾಸ್ ನುಡಸೂ ಸ್ಕಾಟ್ ಲಫಾರೋ ಸಾಥಿದಾರ ಅಲ್ಲ, ಸರಿಸಮ ಮಾತಾಡ್ತಾನ. 1961ರ ಜೂನ್ 25ಕ್ಕ ರೆಕಾರ್ಡ್ ಆತು, ಹನ್ನೊಂದ ದಿವಸಕ್ಕ ಕಾರ್ ಅಪಘಾತದಾಗ ಹ್ವಾದ. ಇಪ್ಪತ್ತೈದರ ಹುಡುಗ.


ತಾಳತಪ್ಪಿದವ:

ಸಾರ್ ಜಗಳಕ್ಕೆ ಬರ್ತಿಲ್ಲ, ಆದ್ರೂ ಒಂದು ಮಾತು. ಗಮಕ ಇಲ್ದೆ ಖರಹರಪ್ರಿಯ ಅಂತ ನಮ್ಮ ಮೇಷ್ಟ್ರ ಮುಂದೆ ಹೇಳಿದ್ರೆ ಮನೆಯಿಂದ ಆಚೆ ಹಾಕ್ತಿದ್ರು 😀 ಸ್ವರ ಒಂದೇ ಇರಬಹುದು, ಅಷ್ಟೇ. ಟೇಪ್ ಸ್ಪೀಡಿನ ವಿಷ್ಯ ಮಾತ್ರ ಸೂಪರ್, ಇವತ್ತೇ ಚೆಕ್ ಮಾಡ್ತೀನಿ.


ಹಡ್ಸನ್_ಆಚೆಕಡೆ:

ರಾತ್ರಿಪಾಳಿಯವರೇ, ಮಿಂಗಸ್ ಆದ್ಮೇಲೆ ಯಾರು ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ ಅದೇ ಆಲ್ಬಂ ಕವರಿನ ಹಿಂದೆ ಇದೆ. ನಾನು ಲಿಸ್ಟ್ ನೋಡೋದು ಬಿಟ್ಟು ಬಹಳ ಕಾಲ ಆಯ್ತು, ಯಾವ ಆಲ್ಬಂ ಹಿಡಿಸ್ತೋ ಅದರಲ್ಲಿ ಪಕ್ಕದಲ್ಲಿ ನುಡಿಸಿದೋರ ಹೆಸರು ಓದ್ತೀನಿ, ಅವರ ಹಿಂದೆ ಹೋಗ್ತೀನಿ. ಜಾಝಲ್ಲಿ ಇವತ್ತು ಒಬ್ಬರ ಬ್ಯಾಂಡಲ್ಲಿ ಮೂಲೆಯಲ್ಲಿ ಕೂತೋನು ನಾಳೆ ತನ್ನದೇ ಬ್ಯಾಂಡು ಕಟ್ಟಿರ್ತಾನೆ, ಹಾಗಾಗಿ ಈ ದಾರಿ ಯಾವತ್ತೂ ಮುಗಿಯಲ್ಲ.

ನಿಮಗೆ ‘ಯಾರೋ ಒಬ್ರು ಬಿಕ್ಕಿಬಿಕ್ಕಿ ಅಳ್ತಾರೆ’ ಅನ್ನಿಸ್ತಲ್ಲ, ಆ ಯಾರೋ ಚಾರ್ಲಿ ಮರಿಯಾನೋ. ಬಾಸ್ಟನ್ನಿನವರು, 1923ರಲ್ಲಿ ಹುಟ್ಟಿದ್ದು. ಮಿಂಗಸ್ ಬ್ಯಾಂಡೆಲ್ಲಾ ನುಡಿಸಿ ಮುಗಿಸಿದ್ಮೇಲೂ ಅವರನ್ನ ಮತ್ತೆ ಕೂರಿಸಿ ಆ ಸ್ಯಾಕ್ಸ್ ಭಾಗಗಳನ್ನ ಮೇಲಿಂದ ಸೇರಿಸಿದ, ಆಗಿನ ಜಾಝಲ್ಲಿ ಹಾಗೆ ಓವರ್‌ಡಬ್ ಮಾಡೋದು ಅಪರೂಪ. ಈಗ ತಮಾಷೆ ಕೇಳಿ. ಇದೇ ಮರಿಯಾನೋ ಆಮೇಲೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. ಸುಮ್ನೆ ಫೋಟೋಗೆ ಹಿಡ್ಕೊಳ್ಳೋ ಅಷ್ಟಲ್ಲ, ರೆಕಾರ್ಡುಗಳಲ್ಲಿ ನುಡಿಸೋ ಅಷ್ಟು. ಆಮೇಲೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರ್ಕೊಂಡ್ರು, ಅಂದ್ರೆ ಮೃದಂಗದ ಟಿ.ಎ.ಎಸ್. ಮಣಿ, ಹಾಡುಗಾರ್ತಿ ಆರ್.ಎ. ರಮಾಮಣಿ. 1983ರಲ್ಲಿ ಇವರೆಲ್ಲಾ ಸೇರಿ ಜರ್ಮನಿಯಲ್ಲಿ ಮಾಡಿದ ಆಲ್ಬಂ ‘ಜ್ಯೋತಿ’, ಇಸಿಎಂ ಲೇಬಲ್ಲು. ಪಿಯಾನೋ ಇಲ್ಲ, ಬಾಸ್ ಇಲ್ಲ, ಡ್ರಮ್ ಸೆಟ್ಟಿಲ್ಲ. ರಮಾಮಣಿಯವರ ದನಿ, ಮೃದಂಗ, ಘಟ, ಖಂಜಿರ, ಕೊನ್ನಕ್ಕೋಲು (ಬಾಯಲ್ಲಿ ಹೇಳೋ ತಾಳದ ಸೊಲ್ಲು), ಇವುಗಳ ಮಧ್ಯೆ ಒಂದು ಸೊಪ್ರಾನೋ ಸ್ಯಾಕ್ಸು ಇಲ್ಲಾ ಕೊಳಲು.

ಈ ಪೂರ್ವ ಪಶ್ಚಿಮ ಫ್ಯೂಷನ್ ಅಂತ ಬರೋದ್ರಲ್ಲಿ ನನಗೆ ಬಹಳಷ್ಟು ಇಷ್ಟ ಆಗಲ್ಲ, ಸಾಮಾನ್ಯವಾಗಿ ಅವರೊಂದು ಸ್ಪೀಡಾಗಿ ನುಡಿಸ್ತಾರೆ, ಇವರೊಂದು ಅದಕ್ಕಿಂತ ಸ್ಪೀಡಾಗಿ ನುಡಿಸ್ತಾರೆ, ಕೊನೆಗೆ ತೀರ್ಮಾನ (ಮೂರು ಸಲ ಬರೋ ಮುಕ್ತಾಯದ ಸೊಲ್ಲು) ಹೊಡೆದು ಎಲ್ರೂ ಚಪ್ಪಾಳೆ. ‘ಜ್ಯೋತಿ’ಯಲ್ಲಿ ಆ ಪೈಪೋಟಿ ಇಲ್ಲ. ಮರಿಯಾನೋ ರಮಾಮಣಿಯವರ ಹಿಂದೆ ಅರ್ಧ ಹೆಜ್ಜೆ ಬಿಟ್ಟು ನಡೀತಾರೆ, ಅವರು ಹಾಡಿ ಬಿಟ್ಟ ಸ್ವರದ ತುದಿ ಹಿಡ್ಕೋತಾರೆ. 1963ರಲ್ಲಿ ಮಿಂಗಸ್ ಹತ್ರ ಅಷ್ಟು ಕಿರುಚಿ ಅತ್ತ ಮನುಷ್ಯ ಇಪ್ಪತ್ತು ವರ್ಷ ಆದ್ಮೇಲೆ ಎಷ್ಟು ಕಮ್ಮಿ ಮಾತಾಡ್ತಾರೆ ಅಂತ ಎರಡನ್ನೂ ಒಂದಾದ್ಮೇಲೆ ಒಂದು ಹಾಕಿ ಕೇಳಿ. ಬೆಂಗಳೂರಲ್ಲಿ ಜಾಝ್ ಬಗ್ಗೆ ಮಾತಾಡೋ ಎಷ್ಟೋ ಜನಕ್ಕೆ ಈ ಆಲ್ಬಂ ಹೆಸರೇ ಗೊತ್ತಿಲ್ಲ, ಯುರೋಪಲ್ಲಿ ಮಾತ್ರ ಹುಡುಕಿ ಕೊಳ್ಳೋರಿದ್ದಾರೆ, ಅದು ನನಗೆ ಸ್ವಲ್ಪ ಹೊಟ್ಟೆ ಉರಿಸುತ್ತೆ. ಮರಿಯಾನೋ 2009ರಲ್ಲಿ, ಮಣಿಯವರು 2020ರಲ್ಲಿ ತೀರಿಕೊಂಡರು.

ನಾನಿರೋದು ನ್ಯೂಜೆರ್ಸಿ. ಎಂಗಲ್‌ವುಡ್ ಕ್ಲಿಫ್ಸ್ ಇಲ್ಲಿಂದ ದೂರ ಇಲ್ಲ, ಕೋಲ್ಟ್ರೇನ್ 1964ರ ಡಿಸೆಂಬರಲ್ಲಿ ‘ಅ ಲವ್ ಸುಪ್ರೀಂ’ ರೆಕಾರ್ಡ್ ಮಾಡಿದ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋ ಇರೋದು ಅಲ್ಲೇ. ಆ ಮನುಷ್ಯ ಓದಿದ್ದು ಕಣ್ಣು ಪರೀಕ್ಷೆ ಮಾಡೋ ಕೋರ್ಸು, ಹಗಲು ಕನ್ನಡಕದ ಕೆಲಸ, ಮಿಕ್ಕ ಹೊತ್ತು ರೆಕಾರ್ಡಿಂಗು, ಶುರುವಿನಲ್ಲಿ ಹ್ಯಾಕೆನ್‌ಸ್ಯಾಕಲ್ಲಿದ್ದ ಅಪ್ಪ ಅಮ್ಮನ ಮನೆ ಹಾಲಲ್ಲೇ ಬ್ಲೂ ನೋಟ್ ಲೇಬಲ್ಲಿನ ಎಷ್ಟೋ ಆಲ್ಬಂ ಆಗಿದ್ದು. ಧಾರವಾಡದ ಸಾಹೇಬರು ಹೇಳಿದ ವಿಲೇಜ್ ವ್ಯಾನ್‌ಗಾರ್ಡ್ ಈಗಲೂ ಇದೆ, 1935ರಿಂದ ಇರೋದು, ಸೆವೆಂತ್ ಅವೆನ್ಯೂನಲ್ಲಿ ಕಡಿದಾದ ಮೆಟ್ಟಿಲಿಳಿದು ಹೋಗೋ ನೆಲಮಾಳಿಗೆಯ ಜಾಝ್ ಕ್ಲಬ್ಬು. ಸೋಮವಾರ ರಾತ್ರಿ ಅವರದೇ ದೊಡ್ಡ ಬ್ಯಾಂಡ್ ನುಡಿಸುತ್ತೆ, ಮುಂದೆ ಕೂತ್ರೆ ಟ್ರಂಬೋನ್ ಮುಖಕ್ಕೇ ಬಂದಂಗಿರುತ್ತೆ. ಈ ಕಡೆ ಬಂದ್ರೆ ಟೈಮ್ಸ್ ಸ್ಕ್ವೇರ್ ಬಿಟ್ಟು ಅಲ್ಲಿಗೆ ಹೋಗಿ.


ಬೆಳಗಿನ_ಫಿಲ್ಟರ್:

ಎಲ್ರೂ ಅಳೋ ಸ್ಯಾಕ್ಸು, ಸತ್ತೋಗಿರೋ ಬಾಸ್ ಪ್ಲೇಯರು ಅಂತ ಕೂತ್ಬಿಟ್ರೆ ಹೊಸಬರು ಹೆದರ್ಕೊಂಡು ಓಡೋಗ್ತಾರೆ ರೀ. ಜಾಝ್ ಕುಣಿಸೋ ಮ್ಯೂಸಿಕ್ಕೂ ಹೌದು ತಾನೆ? ಡ್ರಮ್ಸ್ ನುಡಿಸೋ ಆರ್ಟ್ ಬ್ಲೇಕಿದು ‘ಮೋನಿನ್’ ಹಾಕಿ ಒಂದ್ಸಲ. 1958ರ ಅಕ್ಟೋಬರಲ್ಲಿ ರೆಕಾರ್ಡ್ ಆಗಿದ್ದು. ಪಿಯಾನೋ ಬಾಬಿ ಟಿಮನ್ಸ್ ಚರ್ಚಲ್ಲಿ ಪಾದ್ರಿ ಕೇಳೋ ಹಂಗೆ ಒಂದು ಸಾಲು ಹೇಳ್ತಾನೆ, ಮಿಕ್ಕೋರೆಲ್ಲಾ ಎರಡೇ ಸ್ವರದಲ್ಲಿ ‘ಹೌದಪ್ಪಾ’ ಅಂತಾರೆ, ಅಷ್ಟೇ ಹಾಡು. ಆಮೇಲೆ ಟ್ರಂಪೆಟ್ ಸೋಲೋ ಬರುತ್ತಲ್ಲ ಲೀ ಮೋರ್ಗನ್‌ದು, ಆಗ ಅವನಿಗೆ ಇಪ್ಪತ್ತು ವರ್ಷ, ಆ ಧಿಮಾಕು ನೋಡಿ! ನಮ್ಮನೇಲಿ ಭಾನುವಾರ ಬೆಳಿಗ್ಗೆ ದೋಸೆ ಆಗೋದೇ ಇದರ ಜೊತೆ. ‘ಕೈಂಡ್ ಆಫ್ ಬ್ಲೂ’ ಒಳ್ಳೇ ಆಲ್ಬಂ, ಇಲ್ಲ ಅನ್ನಲ್ಲ, ಆದ್ರೆ ಅದನ್ನ ಕೇಳಿ ಕೇಳಿ ಎಲ್ರೂ ಜಾಝ್ ಅಂದ್ರೆ ಮಂದ ಲೈಟು ಮಂದ ಮುಖ ಅಂದ್ಕೊಂಡಿದಾರೆ.

ಇನ್ನೊಂದು ಕಂಪ್ಲೇಂಟು. ಇಲ್ಲೀವರೆಗೂ ಇಷ್ಟುದ್ದ ಬರ್ದಿದೀರಲ್ಲ, ರಮಾಮಣಿಯವರು ಒಬ್ರನ್ನ ಬಿಟ್ರೆ ಒಂದು ಹೆಣ್ಣು ಹೆಸರಿಲ್ಲ. ಆಲಿಸ್ ಕೋಲ್ಟ್ರೇನ್ ಅಂದ್ರೆ ಜಾನ್ ಹೆಂಡ್ತಿ ಅಂತ ಪರಿಚಯ ಮಾಡ್ಕೊಡೋದು ನಿಲ್ಸಿ ಮೊದಲು. ‘ಜರ್ನಿ ಇನ್ ಸಚ್ಚಿದಾನಂದ’ 1971ರಲ್ಲಿ ಬಂದಿದ್ದು, ತಂಬೂರಿ ಶ್ರುತಿ ಶುರುವಾಗುತ್ತೆ, ಅದರ ಮೇಲೆ ಸೆಸಿಲ್ ಮೆಕ್‌ಬೀ ಬಾಸಲ್ಲಿ ಒಂದೇ ಸಾಲು ತಿರುಗಿಸ್ತಾ ಹೋಗ್ತಾರೆ, ಆಮೇಲೆ ಆಲಿಸ್ ಹಾರ್ಪು ಮಳೆ ಬಿದ್ದಂಗೆ ಇಳಿಯುತ್ತೆ, ಆಮೇಲೆ ಫ್ಯಾರೋ ಸ್ಯಾಂಡರ್ಸ್ ಸೊಪ್ರಾನೋ. ಫ್ಯೂಷನ್ ಬಗ್ಗೆ ಮೇಲೆ ಬೈದ್ರಲ್ಲ, ಇದು ಫ್ಯೂಷನ್ ಅಂತ ಹಣೆಪಟ್ಟಿ ಹಚ್ಕೊಂಡು ಬಂದಿದ್ದಲ್ಲ, ಆಕೆಗೆ ಬೇಕಿತ್ತು ಮಾಡಿದ್ರು. ಆಮೇಲೆ ಅವರು ಕ್ಯಾಲಿಫೋರ್ನಿಯಾದಲ್ಲಿ ಆಶ್ರಮನೇ ಕಟ್ಟಿ ಭಜನೆ ಹಾಡ್ಕೊಂಡು ಇದ್ದೋರು.

ಹಡ್ಸನ್ ಅವರ ರೂಲ್ ಇಲ್ಲೂ ನಡೆಯುತ್ತೆ ನೋಡಿ, ಆ ಫ್ಯಾರೋ ಸ್ಯಾಂಡರ್ಸ್ ಹೆಸರು ಹಿಡ್ಕೊಂಡು ಹೋದ್ರೆ ಐವತ್ತು ವರ್ಷ ದಾಟಿ 2021ರ ‘ಪ್ರಾಮಿಸಸ್’ಗೆ ಬರ್ತೀರ, ಫ್ಲೋಟಿಂಗ್ ಪಾಯಿಂಟ್ಸ್ ಅನ್ನೋ ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಮ್ಯೂಸಿಶಿಯನ್ನು, ಲಂಡನ್ ಸಿಂಫನಿ ಆರ್ಕೆಸ್ಟ್ರಾ, ಈ ಅಜ್ಜ. ನಲವತ್ತಾರು ನಿಮಿಷ ಒಂದೇ ಸಣ್ಣ ಸ್ವರಗುಚ್ಛ ತಿರುಗ್ತಾ ಇರುತ್ತೆ, ಎಂಬತ್ತರ ಹತ್ತಿರದ ಮನುಷ್ಯ ಅದರ ಮೇಲೆ ಊದ್ತಾರೆ, ಒಂದು ಕಡೆ ಸ್ಯಾಕ್ಸ್ ಕೆಳಗಿಟ್ಟು ಬಾಯಲ್ಲೇ ಗುನುಗ್ತಾರೆ. ಮರು ವರ್ಷ ಹೋದ್ರು. ಕೆಲವರಿಗೆ ಬೋರು ಅನ್ನಿಸಬಹುದು, ನನ್ನ ತಂಗಿ ಹತ್ತು ನಿಮಿಷಕ್ಕೆ ‘ಹಾಡು ಯಾವಾಗ ಶುರುವಾಗುತ್ತೆ’ ಅಂದ್ಲು.

ಹಾಡೋರು ಬೇಕಂದ್ರೆ ‘ಎಲ್ಲಾ ಅಂಡ್ ಲೂಯಿ’, 1956, ಅಂದ್ರೆ ಎಲ್ಲಾ ಫಿಟ್ಜ್‌ಜೆರಾಲ್ಡ್, ಲೂಯಿ ಆರ್ಮ್‌ಸ್ಟ್ರಾಂಗ್. ಒಬ್ರದ್ದು ಜೇನು ಒಬ್ರದ್ದು ಜಲ್ಲಿಕಲ್ಲು. ಹಿಂದೆ ಆಸ್ಕರ್ ಪೀಟರ್ಸನ್. ಇದಕ್ಕೆ ವಿವರಣೆ ಬೇಡ, ಅಮ್ಮಂಗೂ ಹಾಕಿ ಕೇಳಿಸಿ.


ಮಂಗ್ಳೂರು_ಮಳೆ:

ಎಂತ ಮಾರಾಯ್ರೇ, ಸ್ಯಾಕ್ಸೋಫೋನ್ ಸ್ಯಾಕ್ಸೋಫೋನ್ ಅಂತ ಇಷ್ಟು ಮಾತಾಡಿ ನಮ್ಮ ಕದ್ರಿ ಗೋಪಾಲನಾಥರ ಹೆಸರು ಯಾರ ಬಾಯಲ್ಲೂ ಬರ್ಲಿಲ್ಲ ಅಲ್ವಾ? ಅವರು ಜಾಝ್ ಅಲ್ಲ, ಅಪ್ಪಟ ಕರ್ನಾಟಕ ಸಂಗೀತ, ಅದು ಗೊತ್ತುಂಟು. ಅಪ್ಪ ನಾಗಸ್ವರದವರು, ಇವರು ಸಣ್ಣದಿರುವಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಅದರ ಹಿಂದೆ ಬಿದ್ದದ್ದು. ಆದ್ರೆ ಜಾಝಿನವರೇ ಅವರನ್ನು ಹುಡುಕಿಕೊಂಡು ಬಂದ ಕತೆ ಉಂಟು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಅಂತ ಒಬ್ಬರು ಇವರು ನುಡಿಸುವುದನ್ನು ಕೇಳಿ ತಾನೂ ಸೇರಬಹುದಾ ಅಂತ ಕೇಳಿ ಸ್ಟೇಜಿನಲ್ಲಿ ಒಟ್ಟಿಗೆ ನುಡಿಸಿದರು.

ಮತ್ತೆ ರುದ್ರೇಶ್ ಮಹಂತಪ್ಪ. ಕರ್ನಾಟಕ ಮೂಲದ ಕುಟುಂಬ, ಬೆಳೆದದ್ದು ಅಮೆರಿಕದ ಕೊಲೊರಾಡೋದಲ್ಲಿ, ಜಾಝ್ ಆಲ್ಟೋ ಸ್ಯಾಕ್ಸ್. ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುವಾಗ ಅಣ್ಣ ತಮಾಷೆಗೆ ಅಂತ ಒಂದು ರೆಕಾರ್ಡು ಕೊಟ್ಟನಂತೆ, ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’, ನೋಡಿದ್ರೆ ಅದು ಕದ್ರಿಯವರದ್ದು. ತಮಾಷೆ ಅಲ್ಲಿಗೇ ಮುಗೀತು, ಹುಡುಗ ಅದರೊಳಗೆ ಬಿದ್ದ. ಮುಂದೆ ಇಬ್ಬರೂ ಸೇರಿ 2008ರಲ್ಲಿ ಮಾಡಿದ ಆಲ್ಬಂ ‘ಕಿನ್ಸ್‌ಮೆನ್’. ಎರಡು ಆಲ್ಟೋ ಸ್ಯಾಕ್ಸ್, ಎ. ಕನ್ಯಾಕುಮಾರಿಯವರ ವಯಲಿನ್, ಪೂವಲೂರು ಶ್ರೀಜಿಯವರ ಮೃದಂಗ, ಜೊತೆಗೆ ಗಿಟಾರ್, ಬಾಸ್, ಡ್ರಮ್ಸ್.

ಕೇಳುವಾಗ ಯಾವುದು ಯಾರದ್ದು ಅಂತ ಶುರುವಿಗೆ ಗೊಂದಲ ಆಗ್ತದೆ. ಒಂದು ಉಪಾಯ ಹೇಳ್ತೇನೆ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿ ಕೇಳಿ. ಸ್ಯಾಕ್ಸೋಫೋನ್ ಅಂದ್ರೆ ಕೀಲಿ ಒತ್ತುವ ವಾದ್ಯ, ಸ್ವರ ಬಿಡಿಬಿಡಿಯಾಗಿ ಬರುವುದೇ ಅದರ ಸ್ವಭಾವ, ಆದ್ರೂ ಕದ್ರಿಯವರು ತುಟಿಯಲ್ಲಿ ಬಗ್ಗಿಸಿ ಜಾರಿಸಿ ಒಂದೇ ಎಳೆ ಮಾಡ್ತಾರೆ. ರುದ್ರೇಶ್ ಸ್ವರಕ್ಕೆ ಅಂಚು ಉಂಟು, ಚೂಪು, ಒಂದರ ಹಿಂದೆ ಒಂದು ಬಡಿದ ಹಾಗೆ. ಇಬ್ಬರೂ ಒಟ್ಟಿಗೆ ಒಂದೇ ಸಾಲು ನುಡಿಸುವ ಕಡೆ ಒಂಚೂರು ಬಿರುಕು ಬಿಡ್ತದಲ್ಲ, ನನಗೆ ಅದೇ ಇಷ್ಟ. ಕದ್ರಿಯವರು ಹೋದದ್ದು 2019ರ ಅಕ್ಟೋಬರ್. ಮದುವೆ ಮನೆಯ ಸ್ಯಾಕ್ಸೋಫೋನ್ ಅಂತ ನಮ್ಮೂರಲ್ಲಿ ಈಗಲೂ ಎಲ್ಲ ಕಡೆ ಉಂಟು, ಆ ಕೇಳಿಕೆಯಲ್ಲಿ ಬೆಳೆದವರಿಗೆ ಜಾಝ್ ಅಷ್ಟೇನೂ ದೂರ ಅಲ್ಲ ಅಂತ ನನ್ನ ವಾದ, ಬೇಡ ಅಂದ್ರೆ ಬಿಡಿ.


ಹಡ್ಸನ್_ಆಚೆಕಡೆ:

ಜಾನ್ ಹ್ಯಾಂಡಿ ಅಂದ್ರಾ! ಮಂಗಳೂರಿನವರೇ, ನೀವು ಸುತ್ತಿ ಬಳಸಿ ಮತ್ತೆ ಮಿಂಗಸ್ ಮನೆಗೇ ಬಂದ್ರಿ. ಹ್ಯಾಂಡಿ ಇರೋದು 1959ರ ‘ಮಿಂಗಸ್ ಆ ಅಮ್’ ಆಲ್ಬಂನಲ್ಲಿ, ಅದರಲ್ಲಿ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ಅಂತ ಒಂದಿದೆ, ಅದೇ ವರ್ಷ ತೀರಿಕೊಂಡ ಸ್ಯಾಕ್ಸ್ ವಾದಕ ಲೆಸ್ಟರ್ ಯಂಗ್ ನೆನಪಿಗೆ ಬರ್ದಿದ್ದು, ಅದರಲ್ಲಿ ಟೆನರ್ ಸ್ಯಾಕ್ಸ್ ಸೋಲೋ ಹ್ಯಾಂಡಿಯದೇ, ಒಂದು ಕಡೆ ನಾಲಿಗೆ ಅದುರಿಸಿ ಊದ್ತಾರೆ, ಮೈ ಜುಂ ಅನ್ನುತ್ತೆ. ಅಲ್ಲಿಗೆ ಲೆಕ್ಕ ನೋಡಿ, ಮಿಂಗಸ್ ಹತ್ರ ಊದಿದ ಇಬ್ರು ಸ್ಯಾಕ್ಸಿನವರಲ್ಲಿ ಒಬ್ರು ಬೆಂಗಳೂರಿನ ರಮಾಮಣಿಯವರ ಹತ್ರ ಬಂದ್ರು, ಇನ್ನೊಬ್ರು ಕದ್ರಿಯವರ ಪಕ್ಕ ನಿಂತ್ರು. ನಾನು ಇವೆರಡನ್ನ ಜೋಡಿಸಿ ಯೋಚನೆನೇ ಮಾಡಿರ್ಲಿಲ್ಲ. ಹ್ಯಾಂಡಿ 1975ರಲ್ಲೇ ಉಸ್ತಾದ್ ಅಲಿ ಅಕ್ಬರ್ ಖಾನ್, ಜಾಕಿರ್ ಹುಸೇನ್ ಜೊತೆ ‘ಕರುಣಾ ಸುಪ್ರೀಂ’ ಅಂತ ರೆಕಾರ್ಡ್ ಮಾಡಿದ್ರು, ಕೋಲ್ಟ್ರೇನಿಗೆ ಕೈ ಮುಗಿದು ಇಟ್ಟ ಹೆಸರದು. ಸಪ್ತಾಪುರದವರು ಕೇಳಿ ಹೇಳ್ಬೇಕು.

‘ಮಿಂಗಸ್ ಆ ಅಮ್’ನಲ್ಲೇ ‘ಫೇಬಲ್ಸ್ ಆಫ್ ಫಾಬಸ್’ ಇದೆ. 1957ರಲ್ಲಿ ಲಿಟಲ್ ರಾಕ್ ಊರಿನ ಶಾಲೆಗೆ ಕರಿಯ ಮಕ್ಕಳು ಹೋಗದ ಹಾಗೆ ಸೈನಿಕರನ್ನ ನಿಲ್ಲಿಸಿದ ಅರ್ಕನ್ಸಾ ಗವರ್ನರ್ ಫಾಬಸ್‌ನ ಗೇಲಿ ಮಾಡಿದ್ದು. ಕೊಲಂಬಿಯಾ ಕಂಪನಿ ಪದ ಹಾಡೋಕೆ ಬಿಡ್ಲಿಲ್ಲ, ಬರೀ ವಾದ್ಯದಲ್ಲಿ ಬಂತು, ಆಮೇಲೆ ಮಿಂಗಸ್ ಬೇರೆ ಲೇಬಲ್ಲಿಗೆ ಹೋಗಿ ಪದ ಸಮೇತ ಹಾಡಿದ. ಪದ ಇಲ್ದೇನೂ ಟ್ರಂಬೋನು ಏನ್ ಹೇಳ್ತಿದೆ ಅಂತ ಗೊತ್ತಾಗುತ್ತೆ ಬಿಡಿ.

ನಾನು ಈಗ ಕೇಳ್ತಿರೋದು ಹೇಳ್ಲೇ ಇಲ್ಲ. ಮಂಕ್‌ದು ‘ಪಾಲೋ ಆಲ್ಟೋ’. 1968ರ ಅಕ್ಟೋಬರಲ್ಲಿ ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲಲ್ಲಿ, ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬ ಮಂಕ್ ಬ್ಯಾಂಡನ್ನೇ ಕರೆಸಿ ಮಾಡಿಸಿದ ಕಛೇರಿ. ಶಾಲೆಯ ಜಾನಿಟರ್ (ಕ್ಲೀನಿಂಗ್ ಕೆಲಸದೋನು) ‘ಪಿಯಾನೋ ಶ್ರುತಿ ಮಾಡ್ಕೊಡ್ತೀನಿ, ರೆಕಾರ್ಡ್ ಮಾಡ್ಕೊಳ್ಳೋಕೆ ಬಿಡಿ’ ಅಂದಿದ್ದಕ್ಕೆ ನಮಗೆ ಇವತ್ತು ಆ ಟೇಪ್ ಇದೆ. ಆಲ್ಬಂ ಆಗಿ ಬಂದಿದ್ದು 2020ರಲ್ಲಿ. ಆ ಜಾನಿಟರ್ ಕಿವಿ ಎಂಥದ್ದು ಅಂತೀನಿ, ಡ್ರಮ್ಮಿನ ಸದ್ದು ಎಷ್ಟು ಹದವಾಗಿ ಹಿಡಿದಿದಾನೆ.


ರಾತ್ರಿಪಾಳಿ:

ಅಪ್ಪಾ ಇಷ್ಟೊಂದು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಮೊದಲು ‘ಜ್ಯೋತಿ’ ಹಾಕ್ದೆ. ಹಡ್ಸನ್ ಸಾರ್ ಹೇಳಿದಂಗೆ ‘ಬ್ಲ್ಯಾಕ್ ಸೇಂಟ್’ ಮುಗಿದ ತಕ್ಷಣ. ಅದೇ ಮನುಷ್ಯ ಅಂತ ಹೇಳದೆ ಇದ್ದಿದ್ರೆ ನಾನು ನಂಬ್ತಿರ್ಲಿಲ್ಲ. ರಮಾಮಣಿ ಮೇಡಂ ದನಿ ಒಂದೇ ಬರೋ ಮೊದಲನೇ ಟ್ರ್ಯಾಕ್ ಕೇಳ್ತಿದ್ದಾಗ ಟಿಕೆಟ್ ಬಂತು, ನೋಡ್ಲೇ ಇಲ್ಲ ಸ್ವಲ್ಪ ಹೊತ್ತು. ‘ಮೋನಿನ್’ ನಮ್ಮ ಟೀಮಲ್ಲಿ ಒಬ್ಬನಿಗೆ ಕೇಳಿಸ್ದೆ, ಲಿಫ್ಟ್ ಮ್ಯೂಸಿಕ್ ಅಂತಿದ್ದೋನೇ, ಈಗ ಲಿಂಕ್ ಕಳ್ಸು ಅಂತಿದಾನೆ. ‘ಪ್ರಾಮಿಸಸ್’ ಮಾತ್ರ ಫಿಲ್ಟರ್ ಅಕ್ಕನ ತಂಗಿ ಪಾರ್ಟಿ ನಾನು, ಕ್ಷಮಿಸಿ.

ಎರಡು ಡೌಟು. ‘ಕಿನ್ಸ್‌ಮೆನ್’ ಬಿಟ್ರೆ ರುದ್ರೇಶ್‌ದು ಬೇರೆ ಯಾವುದರಿಂದ ಶುರು ಮಾಡ್ಲಿ? ಮತ್ತೆ ಸ್ಯಾಕ್ಸ್ ನುಡಿಸೋ ಆರ್ನೆಟ್ ಕೋಲ್ಮನ್ ಅಂತ ಹೇಳ್ತಾರಲ್ಲ, ಅದು ನನಗೆ ಈಗ್ಲೇ ಬೇಕಾ?


ಸಪ್ತಾಪುರ_ಕಿವಿ:

ಕೋಲ್ಮನ್ ಕೇಳಾಕ ಹೆದರಬ್ಯಾಡ್ರಿ. ‘ದ ಶೇಪ್ ಆಫ್ ಜಾಝ್ ಟು ಕಮ್’, ಅದೂ 1959ರದ್ದ. ಪಿಯಾನೋನ ಇಲ್ಲ ಅದರಾಗ, ಹಿಂಗಾಗಿ ಇಂಥಾ ಕಾರ್ಡ್ (ಒಟ್ಟಿಗೆ ನುಡಸೂ ಸ್ವರದ ಗುಂಪು) ಮ್ಯಾಲೆನ ಹೋಗಬೇಕು ಅಂತ ಯಾರೂ ಹಗ್ಗ ಕಟ್ಟೂದಿಲ್ಲ. ಮದಲನೇ ಹಾಡು ‘ಲೋನ್ಲಿ ವುಮನ್’ ಹಚ್ರಿ, ಕೆಳಗ ಡ್ರಮ್ಮು ಜೋರ್ ಓಡತಿರ್ತದ, ಮ್ಯಾಲೆ ಸ್ಯಾಕ್ಸು ಕಾರ್ನೆಟ್ಟು (ಟ್ರಂಪೆಟ್ಟಿನಂಥಾದ್ದ) ವಿಲಂಬಿತದಾಗ ಅಳತಿರ್ತಾವ. ನಮ್ಮ ಮಂದಿಗೆ ಇದು ತಿಳೀಲಾರದ್ದೇನ ಅಲ್ಲ. ಅದೊಂದ ಹಾಡು ಹಿಡಿಸಿದ್ರ ಮುಂದ ಹೋಗ್ರಿ, ಇಲ್ಲಂದ್ರ ಬಿಡ್ರಿ, ಯಾರೂ ಮಾರ್ಕ್ಸ್ ಹಾಕಾಕತ್ತಿಲ್ಲ.

‘ಕರುಣಾ ಸುಪ್ರೀಂ’ ಕೇಳಿದೆ. ಖಾನ್‌ಸಾಹೇಬ್ರ ಸರೋದ್ ಅಂದ ಮ್ಯಾಲೆ ನಾ ಏನ್ ಹೇಳ್ಲಿ. ಹ್ಯಾಂಡಿ ಶಾಣ್ಯಾ ಅದಾನ, ತನಗ ಎಷ್ಟು ಗೊತ್ತೈತಿ ಅಷ್ಟ ನುಡಿಸ್ಯಾನ.


ಮಂಗ್ಳೂರು_ಮಳೆ:

ರುದ್ರೇಶ್‌ದು ‘ಬರ್ಡ್ ಕಾಲ್ಸ್’ ಕೇಳಿ, 2015ರದ್ದು. ಅದು ಹಳೇ ಆಲ್ಟೋ ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್‌ಗೆ ಅರ್ಪಿಸಿದ್ದು, ಆದ್ರೆ ಪಾರ್ಕರ್ ಹಾಡು ಒಂದೂ ಹಾಗೇ ನುಡಿಸಿಲ್ಲ, ಒಂದೊಂದು ಹಾಡಿನ ತುಂಡು ತೆಗೆದು ಬೇರೆಯೇ ಕಟ್ಟಿದ್ದಾರೆ. ಹಾಗಾಗಿ ಮೊದಲು ಪಾರ್ಕರ್‌ನ ‘ಡೊನಾ ಲೀ’ ಕೇಳಿ, ಆಮೇಲೆ ಇದರಲ್ಲಿ ‘ಆನ್ ದ ಡಿಎಲ್’ ಹಾಕಿ. ‘ಪಾರ್ಕರ್ಸ್ ಮೂಡ್’ ಕೇಳಿ, ಆಮೇಲೆ ‘ತಾಲಿನ್ ಈಸ್ ಥಿಂಕಿಂಗ್’. ಜೋಡಿ ಜೋಡಿಯಾಗಿ. ಟ್ರಂಪೆಟ್ ಆಡಂ ಒಫಾರಿಲ್, ಆ ಹುಡುಗನ ಹೆಸರೂ ಬರೆದಿಟ್ಟುಕೊಳ್ಳಿ, ಹಡ್ಸನ್‌ನವರ ಲೆಕ್ಕದಲ್ಲಿ ಮುಂದೆ ಬೇಕಾಗ್ತದೆ.